ಮಾವನ ಹೆಸರಿನ ಗ್ರಾಫಿಕ್ಸ್ ಕಾರ್ಡ್

ಜೂನ್ 3, ಸೋಮವಾರ

ಹೆಂಡತಿ ಮಾರ್ಚ್‌ನಲ್ಲಿ ಮನೆ ಬಿಟ್ಟು ಹೋದಳು. ಮಾವ ಹೋಗಲಿಲ್ಲ. ಮೊಂಟೆವಿಡಿಯೊದಲ್ಲಿ ಗಂಡನನ್ನು ಬಿಟ್ಟುಹೋದ ಹೆಂಗಸರಿಗೆ ಬರವಿಲ್ಲ, ಆದರೆ ಹೋಗುವಾಗ ಸ್ವಂತ ಅಪ್ಪನನ್ನೂ ಗಂಡನ ಮನೆಯಲ್ಲೇ ಬಿಟ್ಟುಹೋದವಳು ಯಾನಿನಾ ಒಬ್ಬಳೇ ಇರಬೇಕು. ಮಾಲ್ದೊನಾದೊದಲ್ಲಿ ಅವಳಿಗೆ ಸಿಕ್ಕಿರುವುದು ಒಂದೇ ಕೋಣೆಯಂತೆ. ದೊಡ್ಡ ಮನೆ ಸಿಕ್ಕ ಕೂಡಲೇ ಬಂದು ಕರೆದೊಯ್ಯುತ್ತಾಳಂತೆ. ಎರಡು ವರ್ಷದಿಂದ ನಮ್ಮ ಜೊತೆಗಿರುವ ಮಾವ, ದೋನ್ ದಾರ್ದೊ, ಅಲ್ಲಿಯವರೆಗೆ ನನ್ನ ಪಾಲು.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ದಿನಚರಿ ಬರೆದರೆ ಮನಸ್ಸು ಹಗುರವಾಗುತ್ತದೆ ಎಂದು ಅಂಗಡಿಗೆ ಬಂದ ಮನಶ್ಶಾಸ್ತ್ರದ ಹೆಂಗಸೊಬ್ಬಳು ಪುಕ್ಕಟೆ ಸಲಹೆ ಕೊಟ್ಟಳು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾತಿ ನನ್ನದಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಸಂಜೆ ಕೆಲಸದಿಂದ ಬಂದು ಕಂಪ್ಯೂಟರ್ ಹಚ್ಚುತ್ತೇನೆ, ಇಂಟರ್ನೆಟ್ಟಿನಲ್ಲಿ ಬೇರೆಯವರ ಜೊತೆ ಕಾರ್ ರೇಸ್ ಆಡುತ್ತೇನೆ. ಹಚ್ಚಿದ ಸದ್ದು ಕೇಳಿದ್ದೇ ತಡ, ಮಾವ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್, ಕೈಯಲ್ಲಿ ಮಾಟೆ ಸೊಪ್ಪಿನ ಕಷಾಯದ ಸೋರೆ ಬುರುಡೆ ಹಿಡಿದು ಬಂದು ನನ್ನ ಬೆನ್ನ ಹಿಂದೆ ಕುರ್ಚಿ ಎಳೆದುಕೊಳ್ಳುತ್ತಾರೆ. ಕಾರಣ ಸರಳ. ಇಲ್ಲಿ ಜೂನ್ ಎಂದರೆ ಚಳಿಗಾಲ, ಈ ಮನೆಯಲ್ಲಿ ಬೆಚ್ಚಗಿರುವುದು ಇದೊಂದೇ ಕೋಣೆ. ನನ್ನ ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡ್‌ಗಳಿವೆ, ಎರಡೂ ಸೇರಿ ಇಟ್ಟಿಗೆ ಗೂಡಿನಷ್ಟು ಶಾಖ ಬಿಡುತ್ತವೆ, ವಿಮಾನದಷ್ಟು ಸದ್ದು ಮಾಡುತ್ತವೆ.

ಮಾವ ಒಂದು ಕಾಲದಲ್ಲಿ ರೇಡಿಯೋದಲ್ಲಿ ಸೈಕಲ್ ರೇಸುಗಳ ವೀಕ್ಷಕ ವಿವರಣೆ ಕೊಡುತ್ತಿದ್ದವರು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು, ಈಗ ಕಾಗದ ಉಜ್ಜಿದಂಥ ಪಿಸುಮಾತು ಮಾತ್ರ ಉಳಿದಿದೆ. ಆ ಪಿಸುಮಾತಿನಲ್ಲೇ ಹಿಂದೆ ಕೂತು ಗೊಣಗುತ್ತಿರುತ್ತಾರೆ. ಫ್ಯಾನುಗಳ ಸದ್ದು ತಡೆಯಲು ನಾನು ಹೆಡ್‌ಫೋನ್ ಹಾಕಿಕೊಂಡಿರುವುದರಿಂದ ಏನೆಂದು ಕೇಳಿಸುವುದಿಲ್ಲ. ಮಗಳನ್ನು ಉಳಿಸಿಕೊಳ್ಳಲಾಗದ ಅಳಿಯನ ಬೆನ್ನಿಗೆ ಮಾವ ಏನು ಗೊಣಗುತ್ತಾನೆ ಎಂದು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ.

ಜೂನ್ 9, ಭಾನುವಾರ

ನಿನ್ನೆ ಕೊನೆಯ ತಿರುವಿನಲ್ಲಿ ಚಿತ್ರ ತಡವರಿಸಿತು. ನಾನು ತಿರುಗಿಸಿದ್ದು ಒಂದು ಕಡೆ, ಕಾರು ಕಾಣಿಸಿದ್ದು ಇನ್ನೊಂದು ಕಡೆ. ಹದಿನಾರು ಜನರಲ್ಲಿ ಹದಿನಾಲ್ಕನೆಯವನಾದೆ. ಹಿಂದಿದ್ದ ಇಬ್ಬರಲ್ಲಿ ಒಬ್ಬ ಊಟಕ್ಕೆ ಎದ್ದುಹೋಗಿದ್ದ.

ಇಂದು ಭಾನುವಾರದ ಸಂತೆಗೆ ಹೋಗಿ ಹಳೆ ಬಿಡಿಭಾಗ ಮಾರುವ ವಿಲ್ಮಾರ್‌ನನ್ನು ಕಂಡೆ. ಈ ಎರಡು ಕಾರ್ಡ್‌ಗಳ ಹುಚ್ಚನ್ನು ನನ್ನ ತಲೆಗೆ ತುಂಬಿದವನೇ ಅವನು.

"ಲೋ ಎಬೆರ್, ಈಗ ಯಾರೋ ಎರಡು ಹಾಕ್ತಾರೆ?" ಅಂದ. "ಹೊಸ ಆಟಗಳು ಒಂದನ್ನ ಮಾತ್ರ ಮಾತಾಡಿಸ್ತವೆ. ಇನ್ನೊಂದು ಮದುವೆಮನೆಗೆ ಕರೀದೆ ಬಂದೋನ ಥರ ಸುಮ್ನೆ ಕೂತಿರುತ್ತೆ."

"ನನ್ನ ರೇಸಲ್ಲಿ ಎರಡೂ ಓಡ್ತವಲ್ಲಪ್ಪ?"

"ಓಡ್ತವೆ. ಜೊತೇಲಿ ಓಡಲ್ಲ. ಅದಕ್ಕೇ ತಡವರಿಸೋದು. ಹೊಸದು ಒಂದು ತಗೋ. ಈ ಎರಡರ ಎರಡರಷ್ಟು ಕೆಲಸ ಮಾಡುತ್ತೆ, ಅರ್ಧ ಕರೆಂಟು, ಸದ್ದೇ ಇಲ್ಲ, ಬಿಸೀನೂ ಇಲ್ಲ."

"ಎರಡಿದ್ರೆ ಬಲ ಜಾಸ್ತಿ ಅಂತ ನೀನೇ ತಾನೆ ಹೇಳಿ ಮಾರಿದ್ದು?"

"ಆಗ ಮಾರೋದಿತ್ತು, ಹೇಳ್ದೆ," ಅಂದ ಮಹಾನುಭಾವ.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಇಷ್ಟು ವರ್ಷ ಓಡಿಸಿದ್ದೇನೆ. ಆದರೆ ನನಗೆ ಇಷ್ಟವಾದದ್ದು ಅವನ ಕೊನೆಯ ಮಾತು. ಬಿಸಿ ಇಲ್ಲ. ಬಿಸಿ ಇಲ್ಲದಿದ್ದರೆ ಬೆನ್ನ ಹಿಂದೆ ಕುರ್ಚಿಯೂ ಇರುವುದಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಜೂನ್ 14, ಶುಕ್ರವಾರ

ಹೊಸ ಕಾರ್ಡ್ ಇಲ್ಲಿಯ ಅಂಗಡಿಗಳಲ್ಲೂ ಇದೆ. ಬೆಲೆ ಹೇಳುವಾಗ ಅಂಗಡಿಯವನಿಗೇ ನಾಚಿಕೆಯಾಗಿ ಬೇರೆ ಕಡೆ ನೋಡಿದ. ಹೊರದೇಶದಿಂದ ತರಿಸಿದರೆ ಅಗ್ಗ. ಆದರೆ ಸುಂಕವಿಲ್ಲದೆ ತರಿಸಲು ಒಬ್ಬೊಬ್ಬರಿಗೂ ವರ್ಷಕ್ಕೆ ಇಂತಿಷ್ಟೇ ಎಂದು ಸರ್ಕಾರ ಗೆರೆ ಎಳೆದಿದೆ. ನನ್ನ ಪಾಲು ಏಪ್ರಿಲ್‌ನಲ್ಲೇ ಮುಗಿಯಿತು. ಆಟಕ್ಕೊಂದು ಸ್ಟೀರಿಂಗ್, ಅದಕ್ಕೆ ಪೆಡಲ್, ಕೊನೆಯದಾಗಿ ಕಂಪ್ಯೂಟರ್ ಡಬ್ಬದೊಳಗೆ ನೀಲಿ ಬೆಳಕು ಬಿಡುವ ಒಂದು ಪಟ್ಟಿ. ಹೆಂಡತಿ ಹೋದ ದುಃಖದಲ್ಲಿ ನೀಲಿ ದೀಪ ತರಿಸಿದ ಗಂಡು ನಾನು.

ಮೊದಲಾದರೆ ಯಾನಿನಾಳ ಪಾಲೂ ನನ್ನದೇ ಆಗಿತ್ತು. ಅವಳು ಹೋಗುವಾಗ ಅದೂ ಹೋಯಿತು. ಸಂಸಾರ ಒಡೆದರೆ ಆಗುವ ಈ ನಷ್ಟವನ್ನು ಯಾವ ವಕೀಲನೂ ಮೊದಲೇ ಹೇಳುವುದಿಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಈ ಊರಿನಲ್ಲಿ ಕಂಪ್ಯೂಟರನ್ನು ದೂರದಿಂದಲೂ ನೋಡಿರದ ಅಜ್ಜಿಯರ ಹೆಸರಿಗೆ ಎಷ್ಟು ಕಂಪ್ಯೂಟರ್ ಸಾಮಾನು ಬರುತ್ತದೆ ಎಂದರೆ, ಲೆಕ್ಕ ನೋಡಿದವರು ಉರುಗ್ವೆಯ ಮುದುಕಿಯರೆಲ್ಲ ವಿಜ್ಞಾನಿಗಳೆಂದು ತಿಳಿದಾರು. ನನಗೆ ಅಜ್ಜಿ ಇಲ್ಲ. ಮಾವ ಇದ್ದಾರೆ.

"ದೋನ್ ದಾರ್ದೊ, ನಿಮ್ಮ ಗುರುತಿನ ಚೀಟಿ ನಂಬರ್ ಬೇಕಿತ್ತು."

"ಯಾಕಪ್ಪ, ನನ್ನ ಮಾರ್ತೀಯಾ?"

"ಕೊಳ್ಳೋರು ಸಿಗಬೇಕಲ್ಲ. ಒಂದು ಪಾರ್ಸೆಲ್ ತರಿಸೋಕೆ."

ಏನು ಎತ್ತ ಕೇಳದೆ ಚೀಟಿ ತೆಗೆದು ಕೊಟ್ಟರು. ಇಷ್ಟು ಸುಲಭವಾಗಿ ಕೊಟ್ಟರೆ ಮನುಷ್ಯನಿಗೆ ಮೋಸ ಮಾಡಿದ ತೃಪ್ತಿಯೂ ಇರುವುದಿಲ್ಲ.

ಜೂನ್ 16, ಭಾನುವಾರ

ಯಾನಿನಾಳ ಫೋನ್. ಎರಡು ಕೋಣೆಯ ಮನೆ ಸಿಕ್ಕಿದೆ, ಗೋಡೆಗೇ ಹೀಟರ್ ಕೂಡಿಸಿದ್ದಾರೆ, ಬರುವ ವಾರವೇ ಅಪ್ಪನನ್ನು ಕರೆದೊಯ್ಯುತ್ತೇನೆ ಅಂದಳು.

ನೋಡಿ ನನ್ನ ಅದೃಷ್ಟ. ಮೂರು ತಿಂಗಳು ಕಾದ ದಿನ ಬಂದೇಬಿಟ್ಟಿತು, ಆದರೆ ಪಾರ್ಸೆಲ್ ಅವರ ಹೆಸರಿನಲ್ಲಿದೆ. ಬಿಡಿಸಿಕೊಳ್ಳಲು ಅವರೇ ಖುದ್ದು ಹೋಗಿ ಸಹಿ ಹಾಕಬೇಕು.

"ಸ್ವಲ್ಪ ದಿನ ಇರ್ಲಿ ಯಾನಿನಾ. ಒಂದು ಪಾರ್ಸೆಲ್ ಬರೋದಿದೆ, ಅವರ ಸಹಿ ಬೇಕು."

"ನನ್ನಪ್ಪ ನಿನಗೆ ರಬ್ಬರ್ ಸ್ಟಾಂಪಾ?"

"ಬಂದ ತಕ್ಷಣ ಫೋನ್ ಮಾಡ್ತೀನಿ."

"ಬಂದ ಮಾರನೇ ಭಾನುವಾರ ನಾನಲ್ಲಿರ್ತೀನಿ. ಬಂದೇ ಇಲ್ಲ ಅಂತ ವರ್ಷಗಟ್ಲೆ ಎಳೀಬೇಡ ಮತ್ತೆ," ಅಂದಳು. ವರ್ಷಗಟ್ಟಲೆ ಎಳೆಯಲು ನನಗೇನು ತಲೆ ಕೆಟ್ಟಿದೆಯೇ.

ಮಾವನಿಗೆ ಹೇಳಿದೆ. ಪಾರ್ಸೆಲ್ ಬಂದ ಮೇಲೆ ಮಾಲ್ದೊನಾದೊಗೆ, ಮಗಳ ಮನೆಗೆ. "ಹೂಂ," ಅಂದರು. ಯಾನಿನಾ ಬೆಳಗ್ಗೆ ಹೋಟೆಲ್ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಅಲ್ಲಿ ಬೆಚ್ಚಗೆ ಒಬ್ಬರೇ ಇರಬಹುದು. ಒಳ್ಳೆಯದೇ ಆಯಿತು.

ಜೂನ್ 27, ಗುರುವಾರ

ಮಳೆ, ಚಳಿ. ಮಳೆ ಬಂತಲ್ಲ ಎಂದು ಮಾವ ಇಲ್ಲಿಯ ವಾಡಿಕೆಯಂತೆ ಹಿಟ್ಟು ಕಲಸಿ ತೋರ್ತಾ ರೊಟ್ಟಿ ಕರಿದರು. ಮೊದಲನೆಯ ಎರಡು ಸೀದವು. ಅವನ್ನು ತಾವು ತಿಂದು ಉಳಿದದ್ದನ್ನು ನನ್ನ ಮುಂದಿಟ್ಟರು. ಎಣ್ಣೆ ಜಾಸ್ತಿಯಾಗಿತ್ತು. ಏಳು ತಿಂದೆ.

ಜುಲೈ 11, ಗುರುವಾರ

ಪಾರ್ಸೆಲ್ ಬಂತು. ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮಾವನನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋದೆ.

ಈ ಮನುಷ್ಯನ ನಿಧಾನ ದೇವರಿಗೇ ಪ್ರೀತಿ. ಬೂಟಿಗೆ ಪಾಲಿಶ್ ಹಾಕಬೇಕು ಅಂದರು. ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದರು, ನಡೆದರೆ ಮಂಡಿಗೆ ಒಳ್ಳೆಯದಂತೆ. ಕಿಟಕಿಯಲ್ಲಿದ್ದ ಹುಡುಗಿ ಪೊಟ್ಟಣ ತಂದು ಮುಂದಿಟ್ಟರೆ ಸಹಿ ಹಾಕುವುದು ಬಿಟ್ಟು ವಿಚಾರಣೆ ಶುರು ಮಾಡಿದರು.

"ಸರಿಯಾಗಿ ನೋಡಮ್ಮ. ಬೇರೆ ಯಾರಾದ್ರೂ ದಾರ್ದೊ ಒಲಿವೇರಾ ಇರಬಹುದು."

"ನಂಬರ್ ನಿಮ್ದೇ ಅಲ್ವಾ ಅಜ್ಜ?"

"ನಂದೇ. ಆದ್ರೂ ಕಾಗದಪತ್ರದಲ್ಲಿ ಏನಾದ್ರೂ ಕೊರತೆ ಇದ್ರೆ ಇನ್ನೊಂದಿನ ಬರ್ತೀವಿ. ನಮಗೇನೂ ಅವಸರ ಇಲ್ಲ."

"ಯಾವ ಕೊರತೇನೂ ಇಲ್ಲ. ಎಷ್ಟು ಬೇಗ ಬಂದಿದೆ ನೋಡಿ, ಈ ಸಲ ಎಲ್ಲಾ ಚಕಚಕ," ಎಂದು ಹುಡುಗಿ ಹೆಮ್ಮೆಯಿಂದ ನಕ್ಕಳು. ಮಾವ ನಗಲಿಲ್ಲ. ಪೆನ್ನು ಹಿಡಿದು ಅಷ್ಟು ಹೊತ್ತು ನಿಂತದ್ದು ನೋಡಿ, ಸಹಿ ಮರೆತುಹೋಗಿದೆಯೇನೋ ಎಂದು ನನಗೆ ಗಾಬರಿಯಾಯಿತು. ನಾನು ಪೊಟ್ಟಣ ಎದೆಗೊತ್ತಿಕೊಂಡು ಬಂದೆ.

ಯಾನಿನಾಗೆ ಫೋನ್ ಮಾಡಬೇಕು. ನಾಳೆ ಮಾಡಿದರಾಯಿತು.

ಜುಲೈ 13, ಶನಿವಾರ

ಬೆಳಗಿನಿಂದ ಮಧ್ಯಾಹ್ನದವರೆಗೆ ಶಸ್ತ್ರಚಿಕಿತ್ಸೆ. ಹಳೆಯ ಎರಡು ಕಾರ್ಡ್‌ಗಳನ್ನು ಜೋಡಿಸಿದ್ದ ಪಟ್ಟಿ ಕಿತ್ತೆ, ಒಂದೊಂದಾಗಿ ಹೊರಗೆಳೆದೆ. ಫ್ಯಾನುಗಳ ತುಂಬ ಹಸಿರು ಪುಡಿ. ಎರಡು ಚಳಿಗಾಲ ಮಾವ ನನ್ನ ಹಿಂದೆ ಕೂತು ಬುರುಡೆಗೆ ತುಂಬಿಕೊಂಡ ಮಾಟೆ ಸೊಪ್ಪಿನ ದೂಳು. ಕಂಪ್ಯೂಟರಿಗೂ ಕಷಾಯ ಕುಡಿಸಿದ್ದಾರೆ ಪುಣ್ಯಾತ್ಮರು.

ಹೊಸ ಕಾರ್ಡ್ ಎಷ್ಟು ಉದ್ದ ಎಂದರೆ ಡಬ್ಬದೊಳಗೆ ಹೋಗಲೇ ಇಲ್ಲ. ಕೊಳ್ಳುವ ಮೊದಲು ಅಳತೆ ನೋಡುವುದು ಜಾಣರ ಕೆಲಸ, ನಾನು ಅದರ ಬಣ್ಣ ನೋಡಿದ್ದೆ. ಡಿಸ್ಕ್ ಇಡುವ ತಗಡಿನ ಗೂಡನ್ನೇ ಕಿತ್ತು ಜಾಗ ಮಾಡಿದೆ. ಮಾವ ಟಾರ್ಚ್ ಹಿಡಿದಿದ್ದರು. ಅದರ ಬೆಳಕು ಒಮ್ಮೆ ಸೂರಿಗೆ, ಒಮ್ಮೆ ನನ್ನ ಕಿವಿಗೆ, ಹಬ್ಬಕ್ಕೊಮ್ಮೆ ಸ್ಕ್ರೂ ಇದ್ದ ಕಡೆಗೆ ಬೀಳುತ್ತಿತ್ತು.

"ಇಷ್ಟು ದೊಡ್ಡದು, ಕೆಳಗೆ ಜೋತು ಬೀಳ್ತಿದೆ ಬೊತಿಹಾ," ಅಂದರು. ಮೂವತ್ತೊಂಬತ್ತರ ನನ್ನನ್ನು ಇನ್ನೂ ಪೋರ ಎಂದೇ ಕರೆಯುತ್ತಾರೆ. ನಿಜ, ಭಾರಕ್ಕೆ ಬಾಗಿತ್ತು. ಮಾಟೆ ಹೀರುವ ಒಂದು ಮುರುಕು ಕೊಳವೆ ತಂದು ಕೊಟ್ಟರು, ಊರುಗೋಲಿನ ಹಾಗೆ ಕೆಳಗೆ ಕೊಟ್ಟೆ. ನಿಂತಿತು.

ಹಚ್ಚಿದೆ. ಹತ್ತಿದೆಯೋ ಇಲ್ಲವೋ ತಿಳಿಯಲಿಲ್ಲ, ಅಷ್ಟು ನಿಶ್ಶಬ್ದ. ಚಿತ್ರ ಬೆಣ್ಣೆಯ ಹಾಗೆ ಜಾರುತ್ತದೆ. ರಸ್ತೆಯ ಬದಿಯ ಹುಲ್ಲಿನ ಎಸಳೂ ಕಾಣುತ್ತದೆ. ನಾನು ಡಿಕ್ಕಿ ಹೊಡೆಯುವ ಗೋಡೆಯ ಇಟ್ಟಿಗೆಗಳನ್ನು ಈಗ ಒಂದೊಂದಾಗಿ ನೋಡಬಹುದು.

ಜುಲೈ 14, ಭಾನುವಾರ

ಕೋಣೆ ಐಸ್ ಪೆಟ್ಟಿಗೆಯಾಗಿದೆ. ಕೈಗವಸು ಹಾಕಿಕೊಂಡು ಸ್ಟೀರಿಂಗ್ ಹಿಡಿದೆ. ಮಾಡಿದ್ದುಣ್ಣೋ ಮಹರಾಯ.

ಯೋಜನೆಯ ಪ್ರಕಾರ ಮಾವ ಬರಬಾರದಿತ್ತು. ಬಂದರು. ಉಣ್ಣೆಯ ಪೊಂಚೊ ಹೊದ್ದು, ಅದರ ಮೇಲೆ ಕಂಬಳಿ ಸುತ್ತಿಕೊಂಡು ಬಂದರು.

"ಇಲ್ಲಿ ಇನ್ನು ಬಿಸಿ ಬರಲ್ಲ ದೋನ್ ದಾರ್ದೊ. ಅಡುಗೆಮನೇಲಿ ಒಲೆ ಇದೆಯಲ್ಲ."

"ಇದ್ಯಪ್ಪ," ಎಂದು ಕುರ್ಚಿ ಎಳೆದುಕೊಂಡರು.

ಕಿವುಡರ ಹತ್ತಿರ ವಾದ ಮಾಡಬಹುದು, ಇವರ ಹತ್ತಿರ ಆಗದು. ಯಾನಿನಾಗೆ ಫೋನ್ ಮಾಡಲಿಲ್ಲ. ಭಾನುವಾರ ಅವಳಿಗೂ ವಿಶ್ರಾಂತಿ ಬೇಕು.

ಜುಲೈ 16, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ಸದ್ದೇ ಇಲ್ಲದ ಮೇಲೆ ಹೆಡ್‌ಫೋನ್ ಯಾಕೆ ಎಂದು ತೆಗೆದಿಟ್ಟು ಆಡುತ್ತಿದ್ದೆ. ಹಿಂದಿನಿಂದ ಗೊಣಗು ಶುರುವಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಅದರ ಮಾತುಗಳು ಕೇಳಿಸಿದವು.

"...ಬರ್ತಿದಾನೆ, ಕೇಳುಗರೇ, ಲಾ ತೇಹಾ ಬಡಾವಣೆಯ ಹುಡುಗ ಎಬೆರ್ ಸೊಸಾ ಬರ್ತಿದಾನೆ. ಇವನ ಕತೆ ಮುಗೀತು ಅಂದ್ರು. ಮನೆಯೋರೇ ಅಂದ್ರು. ಈಗ ನೋಡಿ ಅವನ ಭುಜ ನೋಡಿ, ಸುಸ್ತಿದೆ, ಇಲ್ಲ ಅನ್ನಲ್ಲ, ದಿನವಿಡೀ ದುಡಿದು ಬಂದಿದಾನೆ. ಆದ್ರೂ ಬಿಟ್ಟಿಲ್ಲ. ಏರು ದಾರಿ. ಮುಂದೆ ಒಬ್ಬನೇ ಇದಾನೆ ಕೇಳುಗರೇ, ಒಬ್ಬನೇ..."

ಮುಂದೆ ಹನ್ನೊಂದು ಜನರಿದ್ದರು. ಏರು ದಾರಿಯೂ ಇರಲಿಲ್ಲ. ಕೈ ತಪ್ಪಿ ಗೋಡೆಗೆ ಗುದ್ದಿದೆ, ಕಾರು ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು.

"ನಿಧಾನಿಸಿದ," ಅಂತು ಆ ಒಡಕು ದನಿ. "ಉಸಿರು ತಗೋತಿದಾನೆ. ಅನುಭವಸ್ಥರ ಲಕ್ಷಣ ಇದು."

ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ನಿಲ್ಲಿಸಿಬಿಡುತ್ತಾರೆ ಎಂದು ಭಯವಾಯಿತು. ಅಳು ಬಂತು, ಕೈಗವಸಿನಲ್ಲೇ ಒರೆಸಿಕೊಂಡೆ. ಆ ಸದ್ದಿನ ಹಿಂದೆ ಎರಡು ಚಳಿಗಾಲ ಇದೇ ನಡೆದಿತ್ತು. ನಾನು ಬೈಗುಳ ಅಂದುಕೊಂಡಿದ್ದೆ. ರೇಸಿನಲ್ಲಿ ಹದಿಮೂರನೆಯವನಾಗಿ ಮುಗಿಸಿದೆ. ಅವರ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಎರಡನೆಯ ಸ್ಥಾನ.

ರೇಡಿಯೋದವರು ಇಷ್ಟು ಸುಳ್ಳು ಹೇಳುತ್ತಾರೆಂದು ಗೊತ್ತಿದ್ದರೆ ಯಾರೂ ಲೈಸೆನ್ಸ್ ಕೊಡುತ್ತಿರಲಿಲ್ಲ.

ಜುಲೈ 19, ಶುಕ್ರವಾರ

ಯಾನಿನಾ ಫೋನ್ ಮಾಡಿದ್ದಳು, ಎತ್ತಲಾಗಲಿಲ್ಲ. ರೇಸ್ ನಡೆಯುತ್ತಿತ್ತು. ಒಂಬತ್ತನೆಯ ಸ್ಥಾನ. ಚಿತ್ರ ತಡವರಿಸದೆ ಇರುವುದರ ಪರಿಣಾಮ, ಬೇರೇನಿಲ್ಲ.

ಮಾವನಿಗೆ ಕೆಮ್ಮು ಶುರುವಾಗಿದೆ.

ಜುಲೈ 22, ಸೋಮವಾರ

ಹಳೆಯ ಕಾರ್ಡ್‌ಗಳನ್ನು ಕೊಳ್ಳಲು ವಿಲ್ಮಾರ್ ಮನೆಗೇ ಬಂದ. ಕೊಡುವುದಿಲ್ಲ ಅಂದೆ.

"ಮ್ಯೂಸಿಯಂ ಇಡ್ತೀಯೇನೋ?"

"ಪರೀಕ್ಷೆ ಮಾಡೋದಿದೆ."

"ಏನು ಪರೀಕ್ಷೆ?"

"ನಿಂಗೆ ಅರ್ಥ ಆಗಲ್ಲ ಹೋಗು."

ಅವನು ಹೋದ ಮೇಲೆ ಹೊಸದನ್ನು ತೆಗೆದು ಎರಡನ್ನೂ ಮತ್ತೆ ಕೂಡಿಸಿದೆ. ಬರೀ ಪರೀಕ್ಷೆಗೆ. ಕೋಣೆ ಬೆಚ್ಚಗಾಯಿತು. ಮಾವ ಪೊಂಚೊ ತೆಗೆದರು, ಕೆಮ್ಮು ನಿಂತಿತು. ಆದರೆ ಸದ್ದಿಗೆ ಅವರ ಒಂದು ಮಾತೂ ಕೇಳಿಸಲಿಲ್ಲ. ಎರಡು ಸಲ ಹಿಂದಕ್ಕೆ ಬಾಗಿ ಕೂತೆ, ಆಗಲೂ ಕೇಳಿಸಲಿಲ್ಲ. ಹದಿನೈದನೆಯವನಾದೆ. ಊಟಕ್ಕೂ ಮೊದಲೇ ಎರಡನ್ನೂ ಕಿತ್ತು ಹೊಸದನ್ನೇ ಹಾಕಿದೆ.

ಜುಲೈ 27, ಶನಿವಾರ

ಎಣ್ಣೆ ತುಂಬಿದ ಎಲೆಕ್ಟ್ರಿಕ್ ಹೀಟರ್ ಕೊಂಡೆ. ಅಂಗಡಿಯವನು ಮೊದಲು ಫ್ಯಾನ್ ಇರುವುದನ್ನು ತೋರಿಸಿದ.

"ಇದು ಬೇಡ, ಸದ್ದು ಮಾಡದೆ ಇರೋದು ಕೊಡಿ."

"ಸದ್ದೇನೂ ಅಷ್ಟಿಲ್ಲ ಸರ್, ಮಗು ಮಲಗಿಸಬಹುದು."

"ಮಗು ಅಲ್ಲ. ಅದಕ್ಕಿಂತ ಮೆತ್ತಗೆ ಮಾತಾಡೋರಿದಾರೆ," ಅಂದೆ.

ಹೊಸ ಕಾರ್ಡ್ ಅರ್ಧ ಕರೆಂಟು ಉಳಿಸುತ್ತದೆ. ಹೀಟರ್ ಅದರ ನಾಲ್ಕರಷ್ಟು ತಿನ್ನುತ್ತದೆ. ಉಳಿತಾಯ ಅಂದರೆ ಇದು. ಹೀಟರ್ ಕೊಂಡದ್ದು ಕಂಪ್ಯೂಟರಿನ ಆರೋಗ್ಯಕ್ಕೆ, ತೇವಕ್ಕೆ ಲೋಹ ತುಕ್ಕು ಹಿಡಿಯುತ್ತದೆ. ಅದನ್ನು ಮಾವನ ಕುರ್ಚಿಯ ಪಕ್ಕ ಇಟ್ಟದ್ದು ಪ್ಲಗ್ ಅಲ್ಲಿರುವುದರಿಂದ.

ಆಗಸ್ಟ್ 3, ಶನಿವಾರ

ಯಾನಿನಾಳಿಂದ ಸಂದೇಶ. ಫೋನ್ ಎತ್ತದಿದ್ದರೆ ಬಿಡು, ನಾಳೆ ನಾನೇ ಬರುತ್ತೇನೆ, ಪಾರ್ಸೆಲ್ ಬಂದಿದ್ದರೆ ಅಪ್ಪನನ್ನು ಕರೆದುಕೊಂಡೇ ಹೋಗುತ್ತೇನೆ.

ಓದಿ ಹೇಳಿದೆ. ಮಾವ ಎದ್ದು ತಮ್ಮ ಕೋಣೆಗೆ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದರು. ನಾನು ಬಾಗಿಲಲ್ಲಿ ನಿಂತೆ.

"ಅಲ್ಲಿ ಬೆಚ್ಚಗಿರುತ್ತೆ," ಅಂದೆ.

"ಹೂಂ. ಗೋಡೆಯೊಳಗೇ ಹೀಟರಂತೆ."

"ಮಗಳಿರ್ತಾಳೆ."

"ರಾತ್ರಿ ಬರ್ತಾಳೆ."

ಹೋಗುವವರನ್ನು ಇರಿ ಎನ್ನುವ ವಿದ್ಯೆ ನನಗೆ ಮಾರ್ಚ್‌ನಲ್ಲೂ ಬರಲಿಲ್ಲ. ಸಂಜೆ ಕಂಪ್ಯೂಟರ್ ಹಚ್ಚಲಿಲ್ಲ.

ಆಗಸ್ಟ್ 4, ಭಾನುವಾರ

ಹನ್ನೊಂದಕ್ಕೆ ಯಾನಿನಾ ಕಾರಿನಲ್ಲಿ ಬಂದಳು. ಕೂದಲು ಗಿಡ್ಡ ಮಾಡಿಸಿದ್ದಾಳೆ, ಚೆನ್ನಾಗಿ ಕಾಣುತ್ತಾಳೆ. ಹೇಳಲಿಲ್ಲ. ನೇರ ನನ್ನ ಕೋಣೆಗೆ ಬಂದಳು, ಅಪ್ಪ ಅಲ್ಲೇ ಕೂತಿದ್ದರು. ಹೀಟರ್ ನೋಡಿದವಳು ಅದರ ಮುಂದೆ ನಿಂತುಬಿಟ್ಟಳು.

"ಯಾವಾಗ ತಗೊಂಡೆ ಇದನ್ನ?"

"ಹೋದ ವಾರ."

"ಎರಡು ಚಳಿಗಾಲ ಕೇಳಿದೆ ನಾನು. ಕಂಪ್ಯೂಟರ್ ಬಿಸಿ ಸಾಲ್ದಾ ಅಂತಿದ್ದೆ ನೀನು."

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿತ್ತು. ಅವಳು ಹೇಳಿದ್ದು ನಿಜ, ನನಗೆ ನಾಚಿಕೆಯಾಯಿತು.

ಅವಳು ಮುಖ ತಿರುಗಿಸಿ ಕೇಳಿದಳು. "ಹೋಗ್ಲಿ ಬಿಡು. ಪಾರ್ಸೆಲ್ ಬಂತಾ?"

ಹೊಸ ಕಾರ್ಡ್ ಡಬ್ಬದೊಳಗೆ ನೀಲಿ ಬೆಳಕಿನಲ್ಲಿ ಮಿಂಚುತ್ತಿತ್ತು. ಅದು ಬಂದ ರಟ್ಟಿನ ಪೆಟ್ಟಿಗೆ ಮೇಜಿನ ಮೇಲಿತ್ತು, ಮಾವ ಅದರ ಮೇಲೆ ಫ್ಲಾಸ್ಕ್ ಇಟ್ಟುಕೊಂಡಿದ್ದರು, ದಾರ್ದೊ ಒಲಿವೇರಾ ಎಂಬ ಚೀಟಿ ಅವಳ ಕಡೆಗೇ ಮುಖ ಮಾಡಿತ್ತು. ಬಾಗಿಲ ಬಳಿ ಅವರ ಬಟ್ಟೆಪೆಟ್ಟಿಗೆ ಕಾದಿತ್ತು.

"ಇಲ್ಲ," ಅಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ. "ಇನ್ನೂ ಬಂದಿಲ್ಲ. ಅವರ ಸಹಿ ಬೇಕಲ್ಲ, ಅದಕ್ಕೇ..."

ಮುಂದೆ ಸುಳ್ಳು ಹೊಳೆಯಲಿಲ್ಲ. ಯಾನಿನಾ ಅಪ್ಪನ ಕಡೆ ತಿರುಗಿದಳು. "ಹೌದಾ ಅಪ್ಪ? ಮತ್ತೆ ಪೆಟ್ಟಿಗೆ ಯಾಕೆ ಕಟ್ಟಿದೀಯ?"

ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದ್ದರೆ ಮುಗಿಯಿತು. ಮಾವ ತಲೆಯ ಟೊಪ್ಪಿಗೆ ತೆಗೆದರು, ರಟ್ಟಿನ ಪೆಟ್ಟಿಗೆಯ ಚೀಟಿಯ ಮೇಲೆ ನಿಧಾನವಾಗಿ ಇಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ಒಡಕು ದನಿಯನ್ನು ಆದಷ್ಟು ಎತ್ತರಿಸಿ ಹೇಳಿದರು.

"ಬಂದ್ರೆ ಹೊರಡೋಣ ಅಂತ ಕಟ್ಟಿಟ್ಟಿದ್ದೆ ಮಗಳೇ. ಎಲ್ಲಿ ಬರುತ್ತೆ. ನಾವು ಖುದ್ದು ಹೋಗಿ ಕೇಳಿ ಬಂದ್ವಿ. ಕಾಗದಪತ್ರದಲ್ಲಿ ಏನೋ ಕೊರತೆಯಂತೆ. ಈ ಚಳಿಗಾಲದಲ್ಲಂತೂ ಇಲ್ಲ ಅಂದಳು ಆ ಹುಡುಗಿ."

ಆ ಹುಡುಗಿ, ಪಾಪ.